ಕಬ್ಬಿಣಕ್ಕೇನಾಗುತ್ತದೆ ಎಂಬ ಅಪಾಯದ ಮಾತು

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಅಥಣಿ, ರಾಯಬಾಗ, ಗೋಕಾಕ, ಮುಧೋಳ, ಜಮಖಂಡಿ ಕಡೆಯ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಸಾಲು ಹಗಲೂ ರಾತ್ರಿಯೂ ಕಡಿಯುವುದಿಲ್ಲ. ಒಂದು ಟ್ರ್ಯಾಕ್ಟರಿನ ಬೆನ್ನಿಗೆ ಎರಡು ಟ್ರೇಲರು, ಎರಡರ ಮೇಲೂ ಆಳೆತ್ತರ ಮೀರಿದ ಹೇರು. ಟನ್‌ಗಟ್ಟಲೆ ತೂಗುವ ಈ ಹೇರನ್ನು ಟ್ರ್ಯಾಕ್ಟರಿಗೆ ಹಿಡಿದಿಟ್ಟಿರುವುದು ಒಂದು ಹುಕ್ಕು, ಒಂದು ರಿಂಗು, ಅವೆರಡನ್ನು ಪೋಣಿಸಿದ ಒಂದು ಪಿನ್ನು. ಟ್ರ್ಯಾಕ್ಟರಿನ ಮಾಲೀಕರು ಎಂಜಿನ್ ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸುತ್ತಾರೆ, ಚಕ್ರದ ಬೇರಿಂಗಿಗೆ ಗ್ರೀಸು ತುಂಬಿಸುತ್ತಾರೆ, ಟೈರಿನ ಗಾಳಿ ನೋಡುತ್ತಾರೆ. ಹುಕ್ಕಿನ ಕಡೆಗೆ ಮಾತ್ರ ಯಾರ ಕಣ್ಣೂ ಹೋಗುವುದಿಲ್ಲ. ಯಾಕೆಂದು ಕೇಳಿದರೆ ಊರೂರಲ್ಲೂ ಒಂದೇ ಉತ್ತರ: “ಅದು ಕಬ್ಬಿಣ ಐತಲ್ರೀ ಸರ, ಅದಕ್ಕೇನ ಆಗತೈತಿ?”

ಈ ಮಾತು ತಪ್ಪು. ತಿಳಿಯದೆ ಆಡಿದ ಮಾತಾಗಿದ್ದರೆ ತಿಳಿಹೇಳಿ ಸುಮ್ಮನಾಗಬಹುದಿತ್ತು. ಆದರೆ ಇದು ಈಗ ಕಸುಬುದಾರರ ಬಾಯಲ್ಲೇ ಸಿದ್ಧಾಂತವಾಗಿ ನಿಂತಿದೆ, ಅದಕ್ಕೆ ಸಮರ್ಥನೆಗಳೂ ಹುಟ್ಟಿಕೊಂಡಿವೆ. ಹುಕ್ಕಿಗೆ ಗ್ರೀಸು ಹಚ್ಚಿದರೆ ಧೂಳು ಹಿಡಿದು ಸವೆತ ಇನ್ನೂ ಹೆಚ್ಚಾಗುತ್ತದೆ ಎನ್ನುತ್ತಾರೆ. ಸವೆದರೂ ಚಿಂತೆಯಿಲ್ಲ, ವೆಲ್ಡಿಂಗ್ ಮಾಡಿಸಿದರೆ ಹೊಸದರ ಹಾಗೆ ಆಗುತ್ತದೆ ಎನ್ನುತ್ತಾರೆ. ಟ್ರೇಲರು ಕಳಚಿಬಿದ್ದರೆ ಅದು ಡ್ರೈವರನ ತಪ್ಪು, ಇಲ್ಲವೇ ಅತಿಭಾರದ ತಪ್ಪು, ಹುಕ್ಕಿನದಲ್ಲ ಎನ್ನುತ್ತಾರೆ. ಒಂದೊಂದೂ ಕೇಳುವುದಕ್ಕೆ ಸರಿಯೆನಿಸುವ ಮಾತೇ. ಅದಕ್ಕೇ ಇವನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರ ಹೇಳಬೇಕಾಗಿದೆ. ನನ್ನ ವಾದ ಇಷ್ಟು: ಹುಕ್ಕು ಒಂದು ಕೀಲು. ಭಾರ ಹೊತ್ತು ತಿರುಗುವ ಯಾವ ಕೀಲಿಗಾದರೂ ಸಲ್ಲಬೇಕಾದ ಆರೈಕೆ ಅದಕ್ಕೂ ಸಲ್ಲಬೇಕು. ಅದನ್ನು ಬರೀ ಕಬ್ಬಿಣದ ತುಂಡೆಂದು ಬಗೆಯುವುದರಿಂದಲೇ ಉಳಿದ ತಪ್ಪುಗಳೆಲ್ಲ ಹುಟ್ಟುತ್ತಿವೆ.

ಮೊದಲು ಆ ಕೀಲನ್ನೇ ಹತ್ತಿರದಿಂದ ನೋಡೋಣ. ಟ್ರೇಲರಿನ ಮೂತಿಯಲ್ಲಿರುವ ರಿಂಗು ಟ್ರ್ಯಾಕ್ಟರಿನ ಹುಕ್ಕಿನ ಎರಡು ತುಟಿಗಳ ನಡುವೆ ಕೂರುತ್ತದೆ. ಮೇಲಿನಿಂದ ಪಿನ್ನು ಇಳಿದು ಮೂರನ್ನೂ ಪೋಣಿಸುತ್ತದೆ. ರಸ್ತೆ ತಿರುಗಿದಾಗ ರಿಂಗು ಪಿನ್ನಿನ ಸುತ್ತ ಉಜ್ಜಿಕೊಂಡು ತಿರುಗುತ್ತದೆ. ಹಳ್ಳ ಬಂದಾಗ ರಿಂಗಿನ ಮೇಲಂಚು ಕೆಳಂಚುಗಳು ಹುಕ್ಕಿನ ತುಟಿಗೆ ಒತ್ತಿ ಮೇಲೆ ಕೆಳಗೆ ಆಡುತ್ತವೆ. ಎಳೆದಾಗ ಪಿನ್ನಿನ ಒಂದು ಮೈ ಒತ್ತಡ ತಿನ್ನುತ್ತದೆ, ಬ್ರೇಕು ಹಾಕಿದಾಗ ಎದುರಿನ ಮೈ. ಒಂದೇ ಆಕ್ಸಲಿನ ಟ್ರೇಲರಾದರೆ ಹೇರಿನ ಒಂದು ಪಾಲು ಹುಕ್ಕಿನ ಮೇಲೇ ಕೂತಿರುತ್ತದೆ. ಹೇರು ಹಿಂದಕ್ಕೆ ವಾಲಿದರೆ ಅದೇ ಹುಕ್ಕನ್ನು ಮೇಲಕ್ಕೆತ್ತಿ ಜಗ್ಗುತ್ತದೆ. ಇಷ್ಟೆಲ್ಲ ದಿಕ್ಕಿನಲ್ಲಿ ದುಡಿಯುವ ಭಾಗ ಇಡೀ ಗಾಡಿಯಲ್ಲಿ ಇನ್ನೊಂದಿಲ್ಲ. ಹಂಗಾಮಿನ ನಡುವೆ ಯಾವುದಾದರೂ ಟ್ರ್ಯಾಕ್ಟರಿನ ಪಿನ್ನನ್ನು ಹೊರಗೆ ತೆಗೆದು ಒರೆಸಿ ನೋಡಿ. ತಲೆಯ ಹತ್ತಿರ ಮೂಲದ ದಪ್ಪ ಹಾಗೇ ಇರುತ್ತದೆ. ರಿಂಗು ಕೂರುವ ಜಾಗದಲ್ಲಿ ಬೆರಳಾಡಿಸಿದರೆ ಮೆಟ್ಟಿಲಿನ ಹಾಗೆ ತಗ್ಗು ಸಿಗುತ್ತದೆ, ಆ ತಗ್ಗು ಕನ್ನಡಿಯಂತೆ ಹೊಳೆಯುತ್ತದೆ. ರಿಂಗಿನ ದುಂಡು ತೂತು ಎಳೆತದ ಕಡೆಗೆ ಜಗ್ಗಿ ಮೊಟ್ಟೆಯ ಆಕಾರ ತಾಳಿರುತ್ತದೆ. ಕಬ್ಬಿಣಕ್ಕೆ ಏನಾಯಿತು ಎಂಬ ಪ್ರಶ್ನೆಗೆ ಉತ್ತರ ಆ ತಗ್ಗಿನಲ್ಲೇ ಇದೆ.

“ಒಂದು ನೂಲು ಸವೆದರೆ ಏನಾಯಿತು?” ಎಂಬ ಮಾತು ಇಲ್ಲಿ ಬರುತ್ತದೆ. ಲೆಕ್ಕ ಹಾಕಿ ನೋಡೋಣ. 32 ಮಿ.ಮೀ. ದಪ್ಪದ ಪಿನ್ನು ಸುತ್ತಲೂ ಸವೆದು 28 ಮಿ.ಮೀ.ಗೆ ಇಳಿಯಿತು ಎನ್ನಿ. ಕಣ್ಣಿಗೆ ಕಾಣುವ ಇಳಿಕೆ ಎಂಟರಲ್ಲಿ ಒಂದು ಭಾಗ. ಆದರೆ ಕತ್ತರಿಸುವ ಬಲವನ್ನು ತಡೆಯುವ ಶಕ್ತಿ ದಪ್ಪದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, ಅಂದರೆ ಸುಮಾರು ಕಾಲುಭಾಗ ಹೋಯಿತು. ಬಾಗಿಸುವ ಬಲವನ್ನು ತಡೆಯುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಇಳಿಯುತ್ತದೆ, ಅಂದರೆ ಮೂರರಲ್ಲಿ ಒಂದು ಭಾಗ ಹೋಯಿತು. ಹೊಸದಿದ್ದಾಗ ಮೂರು ಜನ ಹೊರುತ್ತಿದ್ದ ಭಾರವನ್ನು ಈಗ ಇಬ್ಬರ ಹೆಗಲಿಗೆ ಹಾಕಿದಂತಾಯಿತು. ಟ್ರೇಲರಿನ ಹೇರು ಮಾತ್ರ ಒಂದು ಕಬ್ಬಿನ ಜಲ್ಲೆಯಷ್ಟೂ ಕಡಿಮೆಯಾಗಿಲ್ಲ.

ಬಲ ಇಳಿಯುವುದರ ಜೊತೆಗೆ ಬೀಳುವ ಏಟೂ ಜೋರಾಗುತ್ತದೆ. ಪಿನ್ನು ಮತ್ತು ರಿಂಗು ಎರಡೂ ಸವೆದಾಗ ನಡುವೆ ಸಡಿಲು ಬೆಳೆಯುತ್ತದೆ. ಟ್ರ್ಯಾಕ್ಟರು ಮುಂದೆ ಹೊರಟಾಗ ಮೊದಲು ಆ ಸಡಿಲನ್ನು ನುಂಗುತ್ತದೆ, ಆಮೇಲೆ ನಿಂತಿದ್ದ ಟ್ರೇಲರಿಗೆ ಒಮ್ಮೆಲೇ ಜಗ್ಗು ಹಾಕುತ್ತದೆ. ಅದೇ ಎಳೆತದಲ್ಲಿ ಗಾಡಿ ಎತ್ತಿದರೆ, ಸಡಿಲು ಎರಡರಷ್ಟಾದಾಗ ಬಡಿತದ ಶಕ್ತಿಯೂ ಎರಡರಷ್ಟಾಗುತ್ತದೆ. ಸಡಿಲು ಬಡಿತವನ್ನು ಬೆಳೆಸುತ್ತದೆ, ಬಡಿತ ಸಡಿಲನ್ನು ಬೆಳೆಸುತ್ತದೆ. ಎರಡು ಟ್ರೇಲರು ಇದ್ದಲ್ಲಿ ಎರಡು ಕೀಲುಗಳ ಸಡಿಲು ಸೇರುತ್ತದೆ. ಗೇರು ಬದಲಿಸಿದಾಗ ‘ಟಣ್ ಟಣ್’ ಎಂದು ಹಿಂದಿನಿಂದ ಕೇಳುವ ಸದ್ದು ಅದೇ. ಬಹಳ ಡ್ರೈವರುಗಳು ಆ ಸದ್ದಿಗೆ ಒಗ್ಗಿಹೋಗಿದ್ದಾರೆ. ಆದರೆ ಅದು ಗಾಡಿಯ ಸಹಜ ಸದ್ದಲ್ಲ. ಸವೆದ ಪಿನ್ನಿನ ಮೇಲೆ ಬೀಳುತ್ತಿರುವ ಸುತ್ತಿಗೆ ಏಟಿನ ಸದ್ದು.

ಹಾಗಿದ್ದರೂ ಇಂಥ ಏಟಿಗೆ ಇಷ್ಟು ದಪ್ಪದ ಕಬ್ಬಿಣ ಮುರಿಯುವುದುಂಟೇ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಸಿಕ್ಕು ಒಂದೂವರೆ ಶತಮಾನವೇ ಕಳೆದಿದೆ. 1842ರ ಮೇ 8ರಂದು ಫ್ರಾನ್ಸಿನ ವರ್ಸೈಲ್ಸ್‌ನಿಂದ ಪ್ಯಾರಿಸಿಗೆ ಹೊರಟಿದ್ದ ರೈಲು ಎಂಜಿನ್ನಿನ ಆಕ್ಸಲು ಮುರಿದು ಹಳಿ ತಪ್ಪಿತು, ಬೆಂಕಿ ಹೊತ್ತಿಕೊಂಡು 50ಕ್ಕೂ ಹೆಚ್ಚು ಜನ ಸತ್ತರು. ಅದುವರೆಗೆ ಭಾರ ಹೊತ್ತು ಓಡಾಡಿಕೊಂಡೇ ಇದ್ದ ಆಕ್ಸಲು ಒಂದು ದಿನ ಹೀಗೆ ಮುರಿದದ್ದು ಯಾಕೆ ಎಂಬ ಪ್ರಶ್ನೆ ಯುರೋಪಿನ ಎಂಜಿನಿಯರುಗಳನ್ನು ಕಾಡಿತು. ಮುಂದೆ ಪ್ರಷ್ಯಾದ ರೈಲ್ವೆಯಲ್ಲಿದ್ದ ಆಗಸ್ಟ್ ವೋಲರ್ 1850 ಮತ್ತು 60ರ ದಶಕಗಳಲ್ಲಿ ಆಕ್ಸಲುಗಳನ್ನು ಮತ್ತೆ ಮತ್ತೆ ಬಾಗಿಸಿ ಪರೀಕ್ಷಿಸಿದರು. ಒಂದೇ ಸಲಕ್ಕೆ ಮುರಿಯಲು ಬೇಕಾದ ಬಲಕ್ಕಿಂತ ಬಹಳ ಕಡಿಮೆ ಬಲವೂ ಲಕ್ಷಾಂತರ ಸಲ ಬಿದ್ದರೆ ಲೋಹ ಮುರಿಯುತ್ತದೆ ಎಂದು ತೋರಿಸಿದರು. ಲೋಹದ ದಣಿವು ಎಂದರೆ ಇದೇ. ಒಂದೊಂದು ಗುಂಡಿ, ಒಂದೊಂದು ಬ್ರೇಕು, ಒಂದೊಂದು ಗೇರು ಬದಲಾವಣೆ ಹುಕ್ಕಿಗೆ ಒಂದೊಂದು ಏಟು. ಒಂದು ಟ್ರಿಪ್ಪಿನಲ್ಲೇ ಅಂಥವು ಸಾವಿರಾರು. ಹಂಗಾಮು ಮುಗಿಯುವ ಹೊತ್ತಿಗೆ ಎಷ್ಟಾಗಬಹುದೆಂದು ಟ್ರ್ಯಾಕ್ಟರು ಓಡಿಸುವವರೇ ಅಂದಾಜು ಮಾಡಲಿ.

ದಣಿದು ಮುರಿದ ಪಿನ್ನು ತನ್ನ ಕಥೆಯನ್ನು ಮುರಿದ ಮುಖದ ಮೇಲೇ ಬರೆದಿಟ್ಟಿರುತ್ತದೆ. ಒಂದು ಅಂಚಿನಿಂದ ಹೊರಟ ಅರ್ಧಚಂದ್ರಾಕಾರದ ಗೆರೆಗಳು ಒಂದರ ಹಿಂದೊಂದು ಹರಡಿರುತ್ತವೆ. ಆ ಭಾಗ ನುಣುಪು, ಬಣ್ಣ ಕಪ್ಪು ಅಥವಾ ತುಕ್ಕಿನ ಕಂದು. ಉಳಿದ ಚೂರು ಮಾತ್ರ ಒರಟು, ಹೊಳೆಯುವ ಬೂದು ಬಣ್ಣ. ಕಂದು ಭಾಗ ಹಿಂದೆಯೇ ಬಿಟ್ಟುಕೊಂಡ ಬಿರುಕು, ಬೂದು ಭಾಗ ಆ ದಿನ ಮುರಿದದ್ದು. ಮುರಿದ ಮುಖದಲ್ಲಿ ತುಕ್ಕು ಇದೆಯೆಂದರೆ ಬಿರುಕು ದಿನಗಟ್ಟಲೆ, ವಾರಗಟ್ಟಲೆ ಅಲ್ಲೇ ಇತ್ತು, ಬಿಚ್ಚಿ ಒರೆಸಿ ನೋಡಿದ್ದರೆ ಕಾಣುತ್ತಿತ್ತು ಎಂದು ಅರ್ಥ. “ಏಕಾಏಕಿ ಮುರೀತು” ಎಂಬ ಮಾತನ್ನು ಆ ಮುರಿದ ತುಂಡೇ ಅಲ್ಲಗಳೆಯುತ್ತದೆ.

ಇನ್ನು ಎಲ್ಲಕ್ಕಿಂತ ಬಲವಾದ ಎದುರುವಾದಕ್ಕೆ ಬರೋಣ: ಗ್ರೀಸು ಧೂಳು ಹಿಡಿಯುತ್ತದೆ, ಧೂಳು ಅರವಾಗಿ ಕಬ್ಬಿಣ ತಿನ್ನುತ್ತದೆ, ಆದ್ದರಿಂದ ಒಣಗಿಯೇ ಇರಲಿ. ಇದರಲ್ಲಿ ಅರ್ಧ ಸತ್ಯವಿದೆ. ನಮ್ಮ ಹೊಲದ ದಾರಿಯ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿವೆ, ಅವು ಸಾದಾ ಉಕ್ಕಿಗಿಂತ ಗಟ್ಟಿ. ಗ್ರೀಸಿಗೆ ಅಂಟಿದ ಕಣ ಉಜ್ಜುವುದು ನಿಜ. ಆದರೆ ಗ್ರೀಸು ಇಲ್ಲದಿದ್ದರೆ ಆ ಕಣ ಒಳಗೆ ಬರುವುದಿಲ್ಲವೇ? ಸಡಿಲಾದ ಕೀಲಿನ ಬಾಯಿ ತೆರೆದೇ ಇರುತ್ತದೆ. ಮುಂದಿನ ಗಾಡಿ ಎಬ್ಬಿಸಿದ ಧೂಳು ಒಣಗಿದ ಕೀಲಿಗೂ ಅಷ್ಟೇ ನುಗ್ಗುತ್ತದೆ. ಅಲ್ಲಿ ಅದನ್ನು ಮೆತ್ತಗೆ ಸುತ್ತಿ ಹಿಡಿಯುವ ಎಣ್ಣೆಯೇ ಇಲ್ಲವಾದ್ದರಿಂದ ನೇರವಾಗಿ ಲೋಹವನ್ನೇ ಕೆರೆಯುತ್ತದೆ.

ಒಣ ಕೀಲಿಗೆ ಇನ್ನೊಂದು ಶತ್ರುವೂ ಉಂಟು, ಅದು ಒಳಗೇ ಹುಟ್ಟುತ್ತದೆ. ಗ್ರೀಸು ಕಾಣದ ಪಿನ್ನನ್ನು ಎಳೆದು ತೆಗೆದಾಗ ಕೈಗೆ ಹತ್ತುವ ಕೆಂಪು ಕಂದು ಪುಡಿಯನ್ನು ಎಷ್ಟೋ ಜನ ಮಣ್ಣೆಂದುಕೊಂಡಿದ್ದಾರೆ. ಅದರಲ್ಲಿ ಬಹುಪಾಲು ಆ ಪಿನ್ನಿನ, ಆ ರಿಂಗಿನ ಕಬ್ಬಿಣವೇ. ಲೋಹಕ್ಕೆ ಲೋಹ ಉಜ್ಜಿದಾಗ ಸಣ್ಣ ಚೂರುಗಳು ಕಿತ್ತು ಬರುತ್ತವೆ, ಗಾಳಿ ತಾಗಿ ತುಕ್ಕಾಗುತ್ತವೆ, ಆ ತುಕ್ಕಿನ ಪುಡಿ ಮತ್ತೆ ಉಜ್ಜುತ್ತದೆ. ಯಾರ್ಡಿನಲ್ಲಿ ರಾತ್ರಿಯಿಡೀ ನಿಂತ ಗಾಡಿಯ ಮೇಲೆ ಇಬ್ಬನಿ ಬೀಳುತ್ತದೆ, ಬೆಳಗಾಗುವ ಹೊತ್ತಿಗೆ ಹೊಳೆಯುವ ತಗ್ಗಿನ ಮೇಲೆ ಕೆಂಪು ಪೊರೆ ಕಟ್ಟಿರುತ್ತದೆ. ಮೊದಲ ತಿರುವಿನಲ್ಲೇ ಅದು ಉಜ್ಜಿಹೋಗಿ ಹೊಸ ಕಬ್ಬಿಣ ಹೊರಬೀಳುತ್ತದೆ, ಮರುದಿನ ಅದಕ್ಕೂ ತುಕ್ಕು. ಹೀಗೆ ದಿನಕ್ಕೊಂದು ಪದರ. ಗ್ರೀಸಿನ ಕೆಲಸ ಬರೀ ಜಾರಿಸುವುದಲ್ಲ, ಗಾಳಿ ನೀರು ತಾಗದಂತೆ ಮುಚ್ಚುವುದೂ ಹೌದು.

ಧೂಳಿಗೆ ಪರಿಹಾರ ಗ್ರೀಸು ಬಿಡುವುದಲ್ಲ, ಹಳೆಯ ಗ್ರೀಸನ್ನು ಒರೆಸಿ ಹೊಸದು ಹಚ್ಚುವುದು. ಒರೆಸಿದಾಗ ಅದು ಹಿಡಿದಿಟ್ಟ ಕಸವೂ ಹೊರಗೆ ಬರುತ್ತದೆ. ನಿಪ್ಪಲು ಇರುವ ಕಡೆ ಗ್ರೀಸ್ ಗನ್ನಿನಿಂದ ಒತ್ತಿದಾಗ ಅಂಚಿನಿಂದ ಕಪ್ಪು ಗ್ರೀಸು ಹೊರಬಂದು ಹಿಂದಿನಿಂದ ಶುದ್ಧವಾದದ್ದು ಬರುವುದನ್ನು ಎಲ್ಲ ಮೆಕ್ಯಾನಿಕ್ಕುಗಳೂ ನೋಡಿದ್ದಾರೆ. ಕೀಲು ಕಸವನ್ನು ಹೊರಹಾಕುವುದೇ ಹಾಗೆ. ಧೂಳಿನ ವಾದ ಹೂಡುವವರನ್ನು ನಾನು ಕೇಳುವುದು ಇಷ್ಟೇ: ಅದೇ ಟ್ರ್ಯಾಕ್ಟರಿನ ಮುಂದಿನ ಆಕ್ಸಲಿನ ನಡುಪಿನ್ನಿಗೆ, ಸ್ಟೇರಿಂಗಿನ ಕೀಲುಗಳಿಗೆ ನೀವೇ ಗ್ರೀಸು ಹೊಡೆಯುತ್ತೀರಲ್ಲ, ಅವು ಓಡುವುದು ಬೇರೆ ದಾರಿಯಲ್ಲೇ? ಅಲ್ಲಿ ಒಪ್ಪಿದ ನ್ಯಾಯ ಹುಕ್ಕಿಗೆ ಬಂದಾಗ ಯಾಕೆ ಬದಲಾಗಬೇಕು? ನಮ್ಮ ಹಿರಿಯರು ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ದೂರದ ಸಂತೆಗೆ ಹೊರಡುತ್ತಿರಲಿಲ್ಲ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಆ ಕೀಲೆಣ್ಣೆಯನ್ನು ಗಾಡಿಯ ಜೊತೆಗೇ ಒಯ್ಯುತ್ತಿದ್ದರು. ಅವರ ದಾರಿಯಲ್ಲಿ ನಮಗಿಂತ ಹೆಚ್ಚೇ ಧೂಳಿತ್ತು. ಧೂಳಿದೆ ಎಂದು ಅವರು ಎಣ್ಣೆ ಬಿಡಲಿಲ್ಲ, ಧೂಳಿದೆ ಎಂದೇ ಮತ್ತೆ ಮತ್ತೆ ಹಾಕಿದರು.

ಒಣಗಿಸಿಡಿ ಎಂಬ ಸಲಹೆ ಪೂರ್ತಿ ಆಧಾರವಿಲ್ಲದ್ದಲ್ಲ ಎಂಬುದನ್ನೂ ಹೇಳಿಬಿಡಬೇಕು. ಅಮೆರಿಕ, ಯುರೋಪುಗಳಲ್ಲಿ ಕಾರು, ಪಿಕಪ್ಪುಗಳ ಹಿಂದೆ ದೋಣಿ, ಕ್ಯಾರವಾನ್ ಎಳೆಯುವವರು ಪಿನ್ನಿನ ಬದಲು ಉಕ್ಕಿನ ಗುಂಡು ಬಳಸುತ್ತಾರೆ. ಯುರೋಪಿನಲ್ಲಿ ಅದರ ಅಳತೆ 50 ಮಿ.ಮೀ., ಅಮೆರಿಕದಲ್ಲಿ 2 ಇಂಚು, 2 5/16 ಇಂಚು ಹೀಗೆ ಕೆಲವು. ಟ್ರೇಲರಿನ ಬಟ್ಟಲು ಆ ಗುಂಡಿನ ಮೇಲೆ ಕೂತು ಎಲ್ಲ ದಿಕ್ಕಿಗೂ ತಿರುಗುತ್ತದೆ. ಯುರೋಪಿನ ಕೆಲವು ಕ್ಯಾರವಾನುಗಳ ಬಟ್ಟಲಿನ ಒಳಗೆ ಬ್ರೇಕಿನ ಲೈನಿಂಗಿನಂಥ ಘರ್ಷಣೆಯ ತುಂಡುಗಳಿರುತ್ತವೆ. ಕ್ಯಾರವಾನ್ ಅತ್ತಿತ್ತ ಓಲಾಡದಂತೆ ಅವು ಗುಂಡನ್ನು ಬಿಗಿಯಾಗಿ ಒತ್ತಿ ಹಿಡಿಯುತ್ತವೆ. ಅಲ್ಲಿ ಗ್ರೀಸು ಹಚ್ಚಿದರೆ ಹಿಡಿತವೇ ಹೋಗುತ್ತದೆ. ಅದಕ್ಕೇ ಗುಂಡಿನ ಮೇಲಿನ ಬಣ್ಣವನ್ನೂ ಕೆರೆದು ಒಣಗಿಸಿಡಬೇಕೆಂದು ತಯಾರಕರೇ ಹೇಳುತ್ತಾರೆ. ಆ ಲೈನಿಂಗಿಲ್ಲದ ಸಾದಾ ಬಟ್ಟಲಿಗಾದರೆ ಗ್ರೀಸು ಬೇಕು ಎನ್ನುವವರೂ ಅಂಥ ತಯಾರಕರೇ. ಗುಂಡು ಸವೆದು 49 ಮಿ.ಮೀ. ಆಸುಪಾಸಿಗೆ ಇಳಿದರೆ ಕಿತ್ತು ಬದಲಿಸಿ ಎಂದೂ ಕೈಪಿಡಿಗಳಲ್ಲಿ ಬರೆದಿರುತ್ತದೆ. ಐವತ್ತರಲ್ಲಿ ಒಂದೇ ಒಂದು ಮಿಲಿಮೀಟರು ಹೋದರೆ ಅಲ್ಲಿ ಗುಂಡಿನ ಆಯಸ್ಸು ಮುಗಿಯಿತು. ನಮ್ಮ ಪಿನ್ನುಗಳು ಅದರ ನಾಲ್ಕರಷ್ಟು ಸವೆದರೂ ಇನ್ನೊಂದು ಹಂಗಾಮು ದುಡಿಯುತ್ತವೆ. ಒಂದು ವಿಶೇಷ ಜೋಡಣೆಗೆ ಮಾಡಿದ ನಿಯಮವನ್ನು ಎಲ್ಲ ಹುಕ್ಕಿಗೂ ಹಚ್ಚುವುದು, ಅದರ ಪಕ್ಕದಲ್ಲೇ ಇರುವ ಸವೆತದ ಮಿತಿಯನ್ನು ಕೈಬಿಡುವುದು, ಇದು ನಮಗೆ ಬೇಕಾದ್ದನ್ನಷ್ಟೇ ಆರಿಸಿಕೊಳ್ಳುವ ಕೆಲಸ. ನಮ್ಮ ಹೆದ್ದಾರಿಗಳಲ್ಲೇ ಓಡುವ ಕಂಟೇನರ್ ಲಾರಿಗಳ ಕೂಡುತಟ್ಟೆಯ ಮೇಲೆ ಗ್ರೀಸಿನ ದಪ್ಪ ಪದರ ಬಳಿದಿರುವುದನ್ನು ಯಾರು ಬೇಕಾದರೂ ಹೋಗಿ ನೋಡಬಹುದು.

ಇನ್ನು ಕೆಲವರು ಎಣ್ಣೆ ಬೇಕೆಂದು ಒಪ್ಪುತ್ತಾರೆ, ಆದರೆ ಎಂಜಿನ್ನಿನಿಂದ ಇಳಿಸಿದ ಸುಟ್ಟ ಆಯಿಲನ್ನು ಹುಕ್ಕಿನ ಮೇಲೆ ಸುರಿದು ಕೈತೊಳೆದುಕೊಳ್ಳುತ್ತಾರೆ. ಇದೂ ಕೆಲಸಕ್ಕೆ ಬಾರದ್ದು. ಎಂಜಿನ್ ಆಯಿಲು ತೆಳು, ತೆರೆದ ಕೀಲಿನಲ್ಲಿ ನಿಲ್ಲುವುದಿಲ್ಲ, ಸ್ವಲ್ಪ ಹೊತ್ತಿನಲ್ಲೇ ಸೋರಿ ರಸ್ತೆಗೆ ಬೀಳುತ್ತದೆ. ಅದರಲ್ಲಿರುವ ಮಸಿ, ಲೋಹದ ಚೂರು, ಆಮ್ಲದ ಅಂಶಗಳು ಹಿಂದೆ ಉಳಿಯುತ್ತವೆ. ಬಳಸಿದ ಎಣ್ಣೆಯನ್ನು 2016ರ ತ್ಯಾಜ್ಯ ನಿಯಮಗಳು ಅಪಾಯಕಾರಿ ತ್ಯಾಜ್ಯದ ಲೆಕ್ಕಕ್ಕೇ ಸೇರಿಸಿವೆ, ಹೊಲದ ಮಣ್ಣಿಗೆ ಸುರಿಯುವ ಪದಾರ್ಥ ಅದಲ್ಲ. ಹುಕ್ಕಿನಂಥ ಕೀಲು ವೇಗವಾಗಿ ಸುತ್ತುವುದಿಲ್ಲ, ನಿಧಾನಕ್ಕೆ ಅತ್ತಿತ್ತ ಆಡುತ್ತದೆ, ಮೇಲೆ ಭಾರೀ ಒತ್ತಡ. ವೇಗವಾಗಿ ಸುತ್ತುವ ಬೇರಿಂಗಿನಲ್ಲಿ ಎಣ್ಣೆಯ ಪದರ ತಾನಾಗಿ ಎದ್ದು ಲೋಹಗಳನ್ನು ಬೇರೆ ಮಾಡುತ್ತದೆ, ಇಲ್ಲಿ ಹಾಗಾಗುವುದಿಲ್ಲ. ಆದ್ದರಿಂದ ಬೇಕಾದದ್ದು ಅಂಟಿ ಕೂರುವ ಗಟ್ಟಿ ಗ್ರೀಸು. ಅಂಗಡಿಯಲ್ಲಿ ಎನ್‌ಎಲ್‌ಜಿಐ 2 ದರ್ಜೆಯ ಇಪಿ ಗ್ರೀಸು ಎಂದು ಕೇಳಿದರೆ ಸಿಗುತ್ತದೆ. ಮಾಲಿಬ್ಡಿನಂ ಡೈಸಲ್ಫೈಡ್ ಅಥವಾ ಗ್ರಾಫೈಟು ಸೇರಿದ ಕಪ್ಪು ಗ್ರೀಸಾದರೆ ಇನ್ನೂ ಒಳ್ಳೆಯದು, ಎಣ್ಣೆ ಹಿಂಡಿಹೋದ ಜಾಗದಲ್ಲೂ ಆ ಪುಡಿಯ ಪದರ ಲೋಹವನ್ನು ಕಾಯುತ್ತದೆ. ಒಂದು ಕಿಲೋ ಡಬ್ಬಿಯ ಬೆಲೆ ದೂರದ ಒಂದು ಟ್ರಿಪ್ಪಿನ ಡೀಸೆಲ್ಲಿಗಿಂತ ಕಡಿಮೆ. ದುಡ್ಡಿನ ನೆಪ ಇಲ್ಲಿ ನಿಲ್ಲುವುದಿಲ್ಲ.

ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವವರಿಗೆ ಒಂದು ಮಾತು. 1966ರಲ್ಲಿ ಬ್ರಿಟನ್ನಿನಲ್ಲಿ ಪೀಟರ್ ಜೋಸ್ಟ್ ಅಧ್ಯಕ್ಷತೆಯ ಸಮಿತಿ ಸರ್ಕಾರಕ್ಕೆ ಒಂದು ವರದಿ ಕೊಟ್ಟಿತು. ಉಜ್ಜಾಟ, ಸವೆತ, ಎಣ್ಣೆ ಹಾಕುವಿಕೆ ಇವುಗಳ ಕಡೆ ಸರಿಯಾಗಿ ಗಮನ ಕೊಟ್ಟರೆ ಆ ದೇಶದ ಕೈಗಾರಿಕೆ ವರ್ಷಕ್ಕೆ 51.5 ಕೋಟಿ ಪೌಂಡು ಉಳಿಸಬಹುದೆಂದು ಅದು ಲೆಕ್ಕ ಹಾಕಿತ್ತು. ಎಣ್ಣೆ ಹಾಕುವುದು ಸಹಾಯಕ ಹುಡುಗನ ಕೆಲಸ ಎಂಬ ತಾತ್ಸಾರಕ್ಕೆ ಒಂದು ದೇಶ ತೆರುತ್ತಿದ್ದ ದಂಡ ಅದು. ಅಂಥದೇ ದಂಡವನ್ನು ನಮ್ಮ ಟ್ರ್ಯಾಕ್ಟರುಗಳೂ ತೆರುತ್ತಿವೆ, ಎಷ್ಟೋ ಸಲ ಜೀವದ ಲೆಕ್ಕದಲ್ಲಿ.

ಎರಡನೆಯ ವಾದ ವೆಲ್ಡಿಂಗಿನದು. ಸವೆದ ರಿಂಗಿಗೆ ಒಳಗಿನಿಂದ ವೆಲ್ಡಿಂಗ್ ತುಂಬಿಸಿ ಗ್ರೈಂಡರಿನಲ್ಲಿ ದುಂಡಗೆ ಮಾಡಿದರೆ ಕಣ್ಣಿಗೆ ಹೊಸದರ ಹಾಗೇ ಕಾಣುತ್ತದೆ. ಒಳಗೆ ಆಗಿರುವುದು ಬೇರೆ. ಬಡಿದು ಮಾಡಿದ ರಿಂಗು, ಹದಗೊಳಿಸಿದ ಪಿನ್ನು ಇವುಗಳಲ್ಲಿ ಇಂಗಾಲದ ಪ್ರಮಾಣ ಸಾದಾ ಪಟ್ಟಿಗಿಂತ ಹೆಚ್ಚಿರುತ್ತದೆ. ಮೊದಲೇ ಬಿಸಿ ಮಾಡದೆ ತಣ್ಣನೆಯ ಲೋಹಕ್ಕೆ ವೆಲ್ಡಿಂಗ್ ಕೊಟ್ಟರೆ, ಬೆಸುಗೆಯ ಅಂಚಿನ ಪಟ್ಟಿ ಒಮ್ಮೆಲೇ ಕಾದು ಒಮ್ಮೆಲೇ ತಣಿಯುತ್ತದೆ. ಆ ಪಟ್ಟಿ ಗಾಜಿನ ಹಾಗೆ ಗಟ್ಟಿಯೂ ಹೌದು, ಗಾಜಿನ ಹಾಗೆ ಪೆಡಸೂ ಹೌದು. ದಣಿವಿನ ಬಿರುಕಿಗೆ ಬೇಕಾದ ಜಾಗವನ್ನು ನಾವೇ ಮಾಡಿಕೊಟ್ಟಂತಾಯಿತು. ಆ ಉಕ್ಕು ಯಾವುದೆಂದು ತಿಳಿದು, ತಕ್ಕ ರಾಡು ಆರಿಸಿ, ಮೊದಲು ಕಾಯಿಸಿ, ಆಮೇಲೆ ನಿಧಾನಕ್ಕೆ ತಣಿಸುವ ವ್ಯವಸ್ಥೆಯಿರುವ ಕಡೆ ಬೆಸುಗೆ ಹಾಕುವುದಕ್ಕೆ ನನ್ನ ತಕರಾರಿಲ್ಲ. ಆದರೆ ರಸ್ತೆ ಬದಿಯಲ್ಲಿ, ಟ್ರೇಲರಿನಿಂದ ಹೇರನ್ನೂ ಇಳಿಸದೆ, ಸಿಕ್ಕ ರಾಡಿನಲ್ಲಿ ಹಾಕಿಸಿದ ಬೆಸುಗೆಯನ್ನು ನಂಬಿ ಹತ್ತಾರು ಟನ್ನು ಎಳೆಯುವುದು ಹುಂಬತನ. ಪಿನ್ನು ಕಳೆದಾಗ ಮನೆ ಕಟ್ಟುವ ಸರಳಿನ ತುಂಡನ್ನೋ ಸಿಕ್ಕ ಬೋಲ್ಟನ್ನೋ ತುರುಕುವುದೂ ಇದೇ ಜಾತಿಯದು. ಸರಳಿನ ಮೈಮೇಲಿನ ಏಣುಗಳು ರಿಂಗನ್ನು ಅರದ ಹಾಗೆ ಉಜ್ಜುತ್ತವೆ, ಬೋಲ್ಟಿನ ಮರೆಯ ತಗ್ಗುಗಳಲ್ಲೇ ಬಿರುಕು ಹುಟ್ಟುತ್ತದೆ.

ಕೊನೆಯದು ತಪ್ಪು ಹೊರಿಸುವ ವಾದ. ಟ್ರೇಲರು ಕಳಚಿ ಹಿಂದೆ ಬರುತ್ತಿದ್ದ ಬೈಕಿನ ಮೇಲೋ ರಸ್ತೆ ಬದಿಯ ಗುಡಿಸಲಿನ ಮೇಲೋ ಹೋದರೆ, ಮರುದಿನದ ಸುದ್ದಿಯಲ್ಲಿ ‘ಚಾಲಕನ ನಿಯಂತ್ರಣ ತಪ್ಪಿ’ ಎಂಬ ಸಾಲು ಸಿದ್ಧವಾಗಿರುತ್ತದೆ. ಕಳಚಿದ ಟ್ರೇಲರಿಗೆ ಯಾವ ಚಾಲಕನ ನಿಯಂತ್ರಣವೂ ಇರುವುದಿಲ್ಲ. ಡ್ರೈವರು ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯುವವನು, ಹೊಸ ಪಿನ್ನು ಕೊಳ್ಳುವ ತೀರ್ಮಾನ ಅವನದಲ್ಲ. ಕಾನೂನಿಗೂ ಇದು ಗೊತ್ತಿದೆ. 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಮು ದೋಷವುಳ್ಳ ವಾಹನವನ್ನು ಓಡಿಸಿದವನನ್ನಷ್ಟೇ ಹಿಡಿಯುವುದಿಲ್ಲ, ಓಡಿಸಲು ಹಚ್ಚಿದವನನ್ನು, ಓಡಿಸಲು ಬಿಟ್ಟವನನ್ನೂ ಹಿಡಿಯುತ್ತದೆ. ಸವೆದ ಹುಕ್ಕಿನ ಹೊಣೆ ಮೊದಲು ಮಾಲೀಕನದು.

ಅತಿಭಾರವೇ ನಿಜವಾದ ಕಾರಣ, ಗ್ರೀಸಿನ ಮಾತು ದಿಕ್ಕು ತಪ್ಪಿಸುತ್ತದೆ ಎನ್ನುವವರು ಹೇಳುವುದರಲ್ಲಿ ಹುರುಳಿದೆ. 2019ರ ತಿದ್ದುಪಡಿಯ ನಂತರ ಅತಿಭಾರಕ್ಕೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಹಾಗಿದ್ದರೂ ಹೇರು ಕಡಿಮೆಯಾಗಿಲ್ಲ ಎಂಬುದನ್ನು ರಸ್ತೆಯಲ್ಲಿ ನಿಂತ ಯಾರಾದರೂ ಕಾಣಬಹುದು. ಬೆಸುಗೆ ಹಾಕಿದ ಉಕ್ಕಿನ ಮೇಲೆ ಬೀಳುವ ಹೊರೆ ಕಾಲುಭಾಗ ಹೆಚ್ಚಾದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹೇರು ಇಳಿಯಲೇಬೇಕು, ಗ್ರೀಸು ಹಚ್ಚಿದ್ದೇನೆಂದು ಹೆಚ್ಚು ಹೇರಲು ಯಾರಿಗೂ ಪರವಾನಗಿ ಸಿಗುವುದಿಲ್ಲ. ಆದರೆ ಹೇರು ಇಳಿಸುವತನಕ ಹುಕ್ಕು ನೋಡುವುದಿಲ್ಲ ಎನ್ನುವುದು ಎರಡು ತಪ್ಪುಗಳನ್ನೂ ಒಟ್ಟಿಗೆ ಉಳಿಸಿಕೊಳ್ಳುವ ಜಾಣತನ. ಭಾರ ಹೆಚ್ಚಿದ್ದಷ್ಟೂ ಕೀಲಿನ ಮೇಲೆ ಕಣ್ಣು ಹೆಚ್ಚಿರಬೇಕು.

ಪುರಸೊತ್ತಿಲ್ಲ ಎಂಬ ಮಾತಿಗೂ ಆಧಾರವಿಲ್ಲ. ಹಂಗಾಮಿನ ನಡುವೆ ಕಾರ್ಖಾನೆಯ ಯಾರ್ಡಿನಲ್ಲಿ ಗಾಡಿಗಳು ಸರದಿಗಾಗಿ ಗಂಟೆಗಟ್ಟಲೆ ನಿಂತಿರುತ್ತವೆ. ಕಬ್ಬು ಇಳಿಸಿ ಖಾಲಿಯಾದ ಮೇಲೆ ಟ್ರೇಲರನ್ನು ಸಮ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಪಿನ್ನು ತೆಗೆಯಲು ಹೆಚ್ಚು ಹೊತ್ತು ಬೇಡ. ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಪಿನ್ನು, ರಿಂಗು, ಹುಕ್ಕಿನ ತುಟಿ ಒರೆಸಿ. ಸವೆದ ಜಾಗವನ್ನು ವರ್ನಿಯರಿನಲ್ಲಿ ಅಳೆಯಿರಿ, ಇಲ್ಲವಾದರೆ ಹೊಸ ಪಿನ್ನಿನ ಪಕ್ಕ ಹಿಡಿದು ನೋಡಿ. ತಯಾರಕರು ಸವೆತದ ಮಿತಿ ಹೇಳಿದ್ದರೆ ಅದೇ ಕೊನೆಯ ಮಾತು. ಹೇಳದಿದ್ದ ಕಡೆ ದಪ್ಪದಲ್ಲಿ ಹತ್ತರಲ್ಲಿ ಒಂದು ಭಾಗ ಹೋದರೂ ಪಿನ್ನನ್ನು ಗುಜರಿಗೆ ಹಾಕಬೇಕೆಂಬುದು ನನ್ನ ನಿಲುವು. ಅಷ್ಟು ಸವೆದಾಗಲೇ ಬಾಗುವುದನ್ನು ತಡೆಯುವ ಶಕ್ತಿ ಕಾಲುಭಾಗಕ್ಕಿಂತ ಹೆಚ್ಚು ಹೋಗಿರುತ್ತದೆ. ಬಿರುಕಿನ ಅನುಮಾನ ಬಂದರೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಪೂರ್ತಿ ಒರೆಸಿ ಸೀಮೆಸುಣ್ಣ ಬಳಿಯಿರಿ. ಬಿರುಕಿನೊಳಗೆ ಇಳಿದ ಎಣ್ಣೆ ಮತ್ತೆ ಒಸರಿ ಬಿಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಬಿರುಕಿಲ್ಲವೆಂದು ಕಂಡ ಮೇಲೆ ಸುಣ್ಣವನ್ನು ಒರೆಸಿ ತೆಗೆದು ಗ್ರೀಸು ಸವರಿ, ಪಿನ್ನು ಇಳಿಸಿ, ಕೆಳಗೆ ಲಾಕ್ ಪಿನ್ನು ಹಾಕಿ. ತಂತಿಯ ಸುತ್ತು, ಹಗ್ಗದ ಗಂಟು ಲಾಕ್ ಪಿನ್ನಿನ ಕೆಲಸ ಮಾಡುವುದಿಲ್ಲ. ಇದರ ಜೊತೆಗೆ ಟ್ರ್ಯಾಕ್ಟರಿಗೂ ಟ್ರೇಲರಿಗೂ ಬಲವಾದ ಸರಪಳಿ ಇರಲಿ, ಪಿನ್ನು ಕೈಕೊಟ್ಟರೂ ಟ್ರೇಲರು ದಿಕ್ಕಾಪಾಲಾಗಿ ಓಡದಿರಲಿ.

ಇದೆಲ್ಲವನ್ನೂ ಮಾಲೀಕರ ಒಳ್ಳೆಯತನಕ್ಕೆ ಬಿಟ್ಟರೆ ಆಗುವುದಿಲ್ಲ. ಪ್ರತಿ ಗಾಡಿಯೂ ಕಾರ್ಖಾನೆಯ ತೂಕದ ಸೇತುವೆ ಹತ್ತಲೇಬೇಕು. ಕಬ್ಬಿನ ತೂಕವನ್ನು ಅಷ್ಟು ಕಟ್ಟುನಿಟ್ಟಾಗಿ ಅಳೆಯುವ ಜಾಗದಲ್ಲಿ ಪಿನ್ನಿನ ದಪ್ಪವನ್ನೂ ಅಳೆಯಲು ಬರುತ್ತದೆ. ಯಾರ್ಡಿನಲ್ಲಿ ಒಂದು ಗ್ರೀಸ್ ಡಬ್ಬಿ, ಒಂದು ಅಳತೆಯ ಕೊಂಡಿ, ನೋಡಲು ಒಬ್ಬ ಮನುಷ್ಯ, ಸವೆದ ಪಿನ್ನಿಗೆ ಬದಲಿ ಕೊಳ್ಳಲು ಅಲ್ಲೇ ಒಂದು ಮಳಿಗೆ ಇಟ್ಟರೆ ಸಾಕು. ಸಾಗಣೆಯ ಒಪ್ಪಂದದಲ್ಲಿ ಇದನ್ನು ಒಂದು ಷರತ್ತಾಗಿ ಬರೆಯಬಹುದು. ಟ್ರೇಲರು ಕಟ್ಟುವವರು ರಿಂಗಿನೊಳಗೆ ಬದಲಿಸಬಹುದಾದ ಗಟ್ಟಿ ಬುಶ್ಶನ್ನೂ ಅದಕ್ಕೊಂದು ಗ್ರೀಸ್ ನಿಪ್ಪಲನ್ನೂ ಕೂರಿಸಲಿ, ಸವೆತದ ಮಿತಿಯನ್ನು ಮೂತಿಯ ಮೇಲೆಯೇ ಅಚ್ಚೊತ್ತಲಿ. ದೊಡ್ಡ ಲಾರಿಗಳ ಟ್ರೇಲರಿಗೆ ಇಂಥ ಬುಶ್ಶು ಹೊಸದೇನೂ ಅಲ್ಲ. ಪೊಲೀಸರು ಅಪಘಾತದ ಪಂಚನಾಮೆಯಲ್ಲಿ ಮುರಿದ ಪಿನ್ನನ್ನು ಜಪ್ತಿ ಮಾಡಿ ಅದರ ಮುಖ ಪರೀಕ್ಷಿಸಲು ಕಳಿಸಲಿ. ಬಿರುಕು ಹಳೆಯದೆಂದು ಗೊತ್ತಾದ ಮೇಲೆ ಡ್ರೈವರೊಬ್ಬನ ಮೇಲೆ ಎಲ್ಲ ಹೊರಿಸುವುದಕ್ಕೆ ಆಗುವುದಿಲ್ಲ.

ಕಬ್ಬಿಣಕ್ಕೇನೂ ಆಗುವುದಿಲ್ಲ ಎಂಬ ನಂಬಿಕೆಯಿಂದ ಲಾಭವಾಗುವುದು ಹೊಣೆಯಿಂದ ತಪ್ಪಿಸಿಕೊಳ್ಳುವವರಿಗೆ ಮಾತ್ರ. ನಷ್ಟವಾಗುವುದು ಹಿಂದಿನ ಬೈಕಿನಲ್ಲಿ ಬರುವವರಿಗೆ, ಶಾಲೆ ಬಿಟ್ಟು ರಸ್ತೆ ಬದಿಯಲ್ಲಿ ನಡೆಯುವ ಮಕ್ಕಳಿಗೆ, ಟ್ರ್ಯಾಕ್ಟರಿನ ಮೇಲೆ ಕೂತ ಡ್ರೈವರಿಗೆ. ಹುಕ್ಕು ಸವೆಯುತ್ತದೆ, ದಣಿಯುತ್ತದೆ, ಮುರಿಯುವ ಬಹಳ ಮೊದಲೇ ಸದ್ದಿನಲ್ಲೂ ತಗ್ಗಿನಲ್ಲೂ ಕೆಂಪು ಪುಡಿಯಲ್ಲೂ ಅದನ್ನು ಹೇಳುತ್ತದೆ. ಇಷ್ಟು ಗೊತ್ತಿದ್ದೂ ಪಿನ್ನು ತೆಗೆದು ನೋಡದ ಮಾಲೀಕರಿಗೆ, ನೋಡದೆ ಗೇಟು ತೆರೆಯುವ ಕಾರ್ಖಾನೆಗಳಿಗೆ, ಟ್ರೇಲರು ಕಳಚಿದ ಮೇಲೆ ವಿಧಿಯನ್ನಾಗಲಿ ಡ್ರೈವರನನ್ನಾಗಲಿ ದೂರುವ ಹಕ್ಕಿಲ್ಲ.